ಪೋರ್ಟ್ ಫಾರ್ವರ್ಡಿಂಗೋ, ಲೋಡ್ ಬ್ಯಾಲೆನ್ಸರೋ: ಹಾಸನದ ಆಫೀಸಿನಲ್ಲಿ ಎರಡನ್ನೂ ಓಡಿಸಿದ ಮೇಲೆ

ಆಫೀಸಿನ ಮೆಷಿನ್‌ನಿಂದಲೇ ಆಪ್ ಓಡಿಸುವವರಿಗೆ ನನ್ನ ಸಲಹೆ ಒಂದೇ: ರೂಟರ್‌ನ ನ್ಯಾಟ್ (ಹೊರಗಿನಿಂದ ಬಂದದ್ದನ್ನು ವಿಳಾಸ ಬದಲಿಸಿ ಒಳಗಿನ ಮೆಷಿನ್‌ಗೆ ಕಳಿಸುವುದು, ಪೋರ್ಟ್ ಫಾರ್ವರ್ಡಿಂಗ್ ಅನ್ನುವುದು ಇದನ್ನೇ) ನಂಬಿ ಕೂರಬೇಡಿ, ಮುಂದೆ ಒಂದು ಲೋಡ್ ಬ್ಯಾಲೆನ್ಸರ್ (ಬಂದ ಕೋರಿಕೆಗಳನ್ನು ಹಲವು ಮೆಷಿನ್‌ಗಳಿಗೆ ಹಂಚುವ ಸಾಫ್ಟ್‌ವೇರ್) ಇಡಿ. ನಮ್ಮದು ಕಾಫಿ ಖರೀದಿ ಮಾಡುವವರಿಗೆ ತೂಕ, ಬಿಲ್ಲಿನ ಆಪ್. ಎರಡು ವಿಧಾನವನ್ನೂ ಅದರ ಮೇಲೇ ಪರೀಕ್ಷೆ ಮಾಡಿದ್ದೇನೆ.

ನ್ಯಾಟ್ ಸುಲಭ, ಖರ್ಚೂ ಇಲ್ಲ. 443ನೇ ಪೋರ್ಟ್‌ಗೆ (ಸುರಕ್ಷಿತ ವೆಬ್ ಪುಟಗಳು ಬಳಸುವ ಬಾಗಿಲು) ಬಂದದ್ದನ್ನು ಆಪ್ ಇರುವ ಮೆಷಿನ್ 192.168.1.20ಕ್ಕೆ ಕಳಿಸು ಅಂತ ರೂಟರ್‌ನಲ್ಲಿ ಒಂದು ರೂಲ್ ಹಾಕಿದರೆ ಮುಗಿಯಿತು.

ಕಾಟ ಶುರುವಾಗಿದ್ದು ಹೊಸ ಫೈಬರ್ ಕನೆಕ್ಷನ್ ಹಾಕಿಸಿದ ಮೇಲೆ. ರೂಲ್ ಸರಿ ಇದೆ, ಫೈರ್‌ವಾಲ್ ತೆರೆದಿದೆ, ಆಫೀಸಿನೊಳಗೆ ಪುಟ ಬರುತ್ತದೆ. ಹೊರಗಿನಿಂದ ಮಾತ್ರ ಏನೂ ಇಲ್ಲ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) 100.72 ಅಂತ ಶುರುವಾಗುತ್ತಿತ್ತು. ಬ್ರೌಸರ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿದರೆ ಬೇರೆಯೇ ನಂಬರ್!

ಅಲ್ಲಿಗೆ ಗೊತ್ತಾಯಿತು, ಇದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿಯೇ ಮಾಡುವ ನ್ಯಾಟ್. 100.64.0.0ದಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟಿದ್ದಾರೆ. ಐಪಿವಿ4 ವಿಳಾಸ ಸಾಲದೆ ಇಂಟರ್ನೆಟ್ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಅಂದರೆ ನಮ್ಮ ನ್ಯಾಟ್‌ನ ಆಚೆ ಕಂಪನಿಯದು ಇನ್ನೊಂದು ನ್ಯಾಟ್. ಹೊರಗಿನಿಂದ ಬಂದ ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ಅಲ್ಲಿ ರೂಲ್ ಹಾಕಲು ನಮಗೆ ಅಧಿಕಾರವಿಲ್ಲ, ಅಲ್ವಾ? ಕಸ್ಟಮರ್ ಕೇರ್‌ನವರು ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸರ್ ಅಂತ ಸುಮ್ನೆ ಓಡಾಡಿಸಿದರು. ಕೊನೆಗೆ ಸ್ಟಾಟಿಕ್ ಐಪಿ (ನಮಗೇ ಮೀಸಲಾದ, ಬದಲಾಗದ ಪಬ್ಲಿಕ್ ವಿಳಾಸ) ಬೇಕಾದರೆ ತಿಂಗಳು ತಿಂಗಳು ಬೇರೆ ದುಡ್ಡು ಕಟ್ಟಿ ಅಂದರು. ನಿಜಕ್ಕೂ ಸಿಟ್ಟು ಬಂತು.

ಆ ದುಡ್ಡಿಗೆ ಪಬ್ಲಿಕ್ ಐಪಿ ಇರುವ ಸಣ್ಣ ಕ್ಲೌಡ್ ಮೆಷಿನ್ ಬಾಡಿಗೆಗೆ ಸಿಕ್ಕಿತು. ಅದರ ಮೇಲೆ ಎಚ್‌ಎಪ್ರಾಕ್ಸಿ ಅನ್ನುವ ಲೋಡ್ ಬ್ಯಾಲೆನ್ಸರ್ ಹಾಕಿದೆ. ಅದರ ಹಿಂದೆ ಎರಡು ಹಳೇ ಡೆಸ್ಕ್‌ಟಾಪ್: ಒಂದು ಹಾಸನದ ಆಫೀಸಿನಲ್ಲಿ, ಇನ್ನೊಂದು ಚಿಕ್ಕಮಗಳೂರಿನ ಮನೆಯಲ್ಲಿ. ಇವು ವೈರ್‌ಗಾರ್ಡ್ ಟನಲ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ, ಒಂದು ಬಗೆಯ ವಿಪಿಎನ್) ಮೂಲಕ ತಾವೇ ಹೊರಗೆ ಹೋಗಿ ಕ್ಲೌಡ್ ಮೆಷಿನ್‌ಗೆ ಸೇರಿಕೊಳ್ಳುತ್ತವೆ. ಹಾಗಾಗಿ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ (ದಾರಿ ತೆರೆದಿಡಲು ಕಳಿಸುವ ಸಣ್ಣ ಪ್ಯಾಕೆಟ್) ಹೋಗುವಂತೆ ಇಟ್ಟರೆ ದಾರಿ ಮುಚ್ಚಿಕೊಳ್ಳುವುದಿಲ್ಲ.

ಇದರ ಬೆಲೆ ಗೊತ್ತಾಗುವುದು ಮಳೆಗಾಲದಲ್ಲಿ, ಕರೆಂಟ್ ಹೋದಾಗ. ನ್ಯಾಟ್‌ನ ಕೆಲಸ ವಿಳಾಸ ಬದಲಿಸಿ ಕಳಿಸುವುದಷ್ಟೇ, ಹಿಂದಿನ ಮೆಷಿನ್ ಆಫ್ ಆಗಿದ್ದರೂ ಅಲ್ಲಿಗೇ ಕಳಿಸುತ್ತದೆ. ಎಚ್‌ಎಪ್ರಾಕ್ಸಿಯಲ್ಲಿ ಚೆಕ್ ಆನ್ ಮಾಡಿದರೆ 2 ಸೆಕೆಂಡಿಗೊಮ್ಮೆ ಮೆಷಿನ್ ಎದ್ದಿದೆಯಾ ಅಂತ ವಿಚಾರಿಸುತ್ತದೆ. ಸತತ 3 ಸಲ ಉತ್ತರ ಬರದಿದ್ದರೆ ಅದನ್ನು ಪಕ್ಕಕ್ಕಿಡುತ್ತದೆ. ಹಾಸನದಲ್ಲಿ ಕರೆಂಟ್ ಹೋದರೆ ಬಿಲ್ ಚಿಕ್ಕಮಗಳೂರಿನಿಂದ ಬರುತ್ತದೆ.

ಡೇಟಾಬೇಸ್, ಲಾಗಿನ್ ಸೆಷನ್ ಎರಡೂ ಕ್ಲೌಡ್ ಮೆಷಿನ್‌ನಲ್ಲಿರಲಿ, ಇಲ್ಲದಿದ್ದರೆ ಮೆಷಿನ್ ಬದಲಾದಾಗೆಲ್ಲ ಜನ ಲಾಗ್‌ಔಟ್ ಆಗುತ್ತಾರೆ. ಬಂದವರ ಅಸಲಿ ಐಪಿ ನ್ಯಾಟ್‌ನಲ್ಲಿ ತಾನಾಗಿ ಸಿಗುತ್ತದೆ, ಇಲ್ಲಿ ಎಚ್‌ಎಪ್ರಾಕ್ಸಿ ಸೆಟ್ಟಿಂಗ್‌ನಲ್ಲಿ ‘ಆಪ್ಷನ್ ಫಾರ್ವರ್ಡ್‌ಫಾರ್’ ಅಂತ ಸೇರಿಸಬೇಕು. ಕ್ಲೌಡ್ ಮೆಷಿನ್ ಬಿದ್ದರೆ ಎಲ್ಲವೂ ಬೀಳುತ್ತದೆ, ಅದು ನಿಜ. ಆದರೆ ಅಲ್ಲಿ ಕರೆಂಟಿನ ಕಾಟ ಇಲ್ಲ.

ಮನೆಯ ಕ್ಯಾಮೆರಾ ನೋಡಲು ನ್ಯಾಟ್ ಧಾರಾಳ ಸಾಕು, ಪಬ್ಲಿಕ್ ಐಪಿ ಇದ್ದರೆ. ನಮ್ಮಲ್ಲಿ ಜನವರಿಯಲ್ಲಿ ಕಾಫಿ ಮೂಟೆ ತಕ್ಕಡಿ ಮೇಲೆ ಕೂತಿರುತ್ತದೆ, ಬೆಳೆಗಾರರು ಬಿಲ್ಲಿಗಾಗಿ ನಿಂತಿರುತ್ತಾರೆ. ಆ ಹೊತ್ತಿಗೆ ತಿಂಗಳ ಬಾಡಿಗೆ ನನಗೆ ಜಾಸ್ತಿ ಅನ್ನಿಸುವುದಿಲ್ಲ.