ನಾನು ತುಳಿಯುವ ಮೊದಲೇ ಬಿದ್ದ ಬ್ರೇಕು: ಅಡಾಸ್ ಇರುವ ಕಾರಿನಲ್ಲಿ 14 ತಿಂಗಳು

ಯಡಿಯೂರು ದಾಟಿತ್ತು. ಬೆಳ್ಳೂರು ಕ್ರಾಸ್ ಇನ್ನೂ ಬಂದಿರಲಿಲ್ಲ. ಜನವರಿಯ ಸಂಜೆ, ಆರೂಮುಕ್ಕಾಲು. ಪೂರ್ತಿ ಕತ್ತಲೂ ಅಲ್ಲ, ಬೆಳಕೂ ಅಲ್ಲ. ಅಪ್ಪನಿಗೆ ಬೆಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿ ಆಲೂರಿನ ಹತ್ತಿರದ ನಮ್ಮ ಊರಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವರು ಕಣ್ಣಿನ ಪಟ್ಟಿಯನ್ನು ಬೆರಳಿನಿಂದ ಎಳೆಯುತ್ತಿದ್ದರು. "ಮುಟ್ಟಬೇಡಿ ಅಪ್ಪಾ" ಅಂತ ಒಂದು ಸಲ ಆ ಕಡೆ ತಿರುಗಿದೆ. ಅಷ್ಟೇ.

ಸ್ಪೀಡು 80 ಇತ್ತು. ಆ ಸ್ಪೀಡಿನಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮುಂದಿದ್ದ ಟೆಂಪೋ ಗಕ್ಕನೆ ನಿಂತಿತ್ತು. ಅದರ ಮುಂದೆ, ಡಿವೈಡರ್ ತೆರೆದಿದ್ದ ಜಾಗದಲ್ಲಿ, ರಾಗಿ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಅಡ್ಡ ಬಂದಿತ್ತು. ಟ್ರೇಲರ್‌ಗೆ ಒಂದು ಕೆಂಪು ದೀಪವೂ ಇರಲಿಲ್ಲ. ನನ್ನ ಕಾರು ಪೀಂ ಪೀಂ ಅಂತ ಕೂಗಿತು. ಮೀಟರಿನ ಜಾಗದಲ್ಲಿ ಕೆಂಪು ಚಿತ್ರ ಮೂಡಿತು. ನಾನು ತಲೆ ತಿರುಗಿಸುವಷ್ಟರಲ್ಲಿ ಬ್ರೇಕ್ ಬಿದ್ದಾಗಿತ್ತು. ಆಮೇಲೆ ನಾನೂ ಜೋರಾಗಿ ತುಳಿದೆ. ಟೆಂಪೋದ ಹಿಂಬಾಗಿಲಿಗೂ ನಮಗೂ ಒಂದು ಮಾರು ಜಾಗ ಉಳಿದಿತ್ತು.

ಅಪ್ಪ ಹಳೇ ಜೀಪು ಓಡಿಸಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಏನವ್ವಾ, ನೀನು ತುಳಿದ್ಯಾ, ಅದೇ ತುಳೀತಾ?"

"ಅದೇ ಮೊದಲು ತುಳಿದಿದ್ದು ಅಪ್ಪಾ" ಅಂದೆ.

ಇದಕ್ಕಾಗಿಯೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಾರಿನ ಹೆಸರು ಹೇಳುವುದಿಲ್ಲ. ಮಧ್ಯಮ ಗಾತ್ರದ ಎಸ್‌ಯುವಿ, ಪೆಟ್ರೋಲ್, ಆಟೋಮ್ಯಾಟಿಕ್. 14 ತಿಂಗಳಲ್ಲಿ 23 ಸಾವಿರ ಕಿಲೋಮೀಟರ್ ಓಡಿದೆ. ಅದರಲ್ಲಿ ಹೆಚ್ಚಿನದು ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನದ ಈ ದಾರಿಯಲ್ಲೇ. ಕ್ಯಾಮೆರಾ, ರೇಡಾರ್‌ನಿಂದ ರಸ್ತೆ ನೋಡಿ ಓಡಿಸುವವರಿಗೆ ನೆರವಾಗುವ ಈ ವ್ಯವಸ್ಥೆಗೆ ಅಡಾಸ್ ಅನ್ನುತ್ತಾರೆ. 2021ರಲ್ಲಿ ಮಹೀಂದ್ರಾದ ಎಕ್ಸ್‌ಯುವಿ 700 ಬಂದ ಮೇಲೆ ಈ ಮಾತು ನಮ್ಮಲ್ಲಿ ಎಲ್ಲರ ಬಾಯಿಗೂ ಬಂತು. ಈಗ ಹಲವು ಕಂಪನಿಗಳ ಕಾರುಗಳಲ್ಲಿದೆ. ನನ್ನ ಗಾಡಿಯಲ್ಲಿ ಮುಂದಿನ ಗಾಜಿನ ಹಿಂದೆ, ಕನ್ನಡಿಯ ಹತ್ತಿರ ಒಂದು ಕ್ಯಾಮೆರಾ ಇದೆ. ಮುಂದಿನ ಬಂಪರಿನಲ್ಲಿ ಒಂದು ರೇಡಾರ್ ಇದೆ. ಕ್ಯಾಮೆರಾ ಗೆರೆ, ಜನ, ಗಾಡಿ ಗುರುತಿಸುತ್ತದೆ. ರೇಡಾರ್ ದೂರ ಮತ್ತು ವೇಗ ಅಳೆಯುತ್ತದೆ. ಶೋರೂಮಿನವರು "ಲೆವೆಲ್ 2 ಮೇಡಂ, ಗಾಡಿ ತಾನೇ ಹೋಗುತ್ತೆ" ಅಂದಿದ್ದರು. ಅದು ತಪ್ಪು. ಲೆವೆಲ್ 2 ಅಂದರೆ ಸ್ಟೇರಿಂಗ್‌ಗೂ ಸ್ಪೀಡಿಗೂ ಅದು ಸಹಾಯ ಮಾಡುತ್ತದೆ, ಓಡಿಸುವ ಜವಾಬ್ದಾರಿ ಪೂರ್ತಿ ನಮ್ಮದೇ. ಡೆಲಿವರಿ ದಿನ ಸನ್‌ರೂಫ್ ತೆರೆದು ಮುಚ್ಚಿ ತೋರಿಸಲು ಹತ್ತು ನಿಮಿಷ ಕೊಟ್ಟರು. ಬ್ರೇಕಿನ ವಿಷಯಕ್ಕೆ ಎರಡು ನಿಮಿಷವೂ ಕೊಡಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ಬೆಂಗಳೂರಿನೊಳಗೆ ಇದರ ನಡತೆಯೇ ಬೇರೆ. ಗೊರಗುಂಟೆಪಾಳ್ಯದ ಸಿಗ್ನಲ್‌ನಿಂದ ಎಂಟನೇ ಮೈಲಿ ಅನ್ನುವ ಜಾಗ ದಾಟುವಷ್ಟರಲ್ಲಿ ಐದಾರು ಸಲ ಕೂಗುತ್ತದೆ. ಬೈಕಿನವರು ಎಡದಿಂದ ನುಗ್ಗಿ ಬಂಪರಿನ ಮುಂದೆಯೇ ಬಲಕ್ಕೆ ಹೋಗುತ್ತಾರೆ. ನಮಗೆ ಅದು ದಿನದ ಮಾತು. ಅವರು ದಾಟಿ ಹೋಗುತ್ತಾರೆ ಅಂತ ನಮಗೆ ಗೊತ್ತು, ಗಾಡಿಗೆ ಗೊತ್ತಿಲ್ಲ. ಒಂದು ಸಲ ಹಾಗೇ ಬ್ರೇಕ್ ಹಾಕಿಬಿಟ್ಟಿತು. ಹಿಂದಿದ್ದ ಆಟೋ ಮುಟ್ಟುವುದೊಂದು ಬಾಕಿ. ಆಟೋದವರು ಪಕ್ಕಕ್ಕೆ ಬಂದು "ಏನಕ್ಕಾ, ಹಿಂಗ್ ನಿಲ್ಸಿದ್ರೆ ನಾವೇನ್ ಮಾಡೋದು?" ಅಂದರು. ಅವರ ಮಾತು ಸರಿ. ಹಿಂದಿನವರಿಗೆ ಈ ಬ್ರೇಕ್ ಯಾಕೆ ಬಿತ್ತು ಅಂತ ತಿಳಿಯುವುದೇ ಇಲ್ಲ. ಆವತ್ತಿನಿಂದ ನಾನು ಹಿಂದಿನ ಕನ್ನಡಿ ನೋಡುವುದು ಜಾಸ್ತಿಯಾಗಿದೆ. ಯಾರಾದರೂ ತೀರಾ ಅಂಟಿಕೊಂಡು ಬಂದರೆ ದಾರಿ ಬಿಟ್ಟುಕೊಡುತ್ತೇನೆ. ಎಚ್ಚರಿಕೆಯ ಸೆಟ್ಟಿಂಗ್ ಕೂಡ "ಬೇಗ" ಅಂತ ಇದ್ದದ್ದನ್ನು "ಸಾಮಾನ್ಯ"ಕ್ಕೆ ಇಳಿಸಿದೆ. ಸುಮ್ಮಸುಮ್ಮನೆ ಕೂಗುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಬ್ರೇಕ್ ಅನ್ನು ಮಾತ್ರ ಒಮ್ಮೆಯೂ ಆಫ್ ಮಾಡಿಲ್ಲ.

ಘಾಟಿಯಲ್ಲಿ ಇನ್ನೊಂದು ತೊಂದರೆ. ಸಕಲೇಶಪುರದಿಂದ ಶಿರಾಡಿ ಇಳಿಯುವಾಗ ತಿರುವಿನ ಹೊರಗಡೆ ಲಾರಿ ನಿಂತಿರುತ್ತದೆ. ರಸ್ತೆ ತಿರುಗುತ್ತದೆ, ಆದರೆ ಒಂದು ಕ್ಷಣ ಬಂಪರಿನ ಮುಂದೆ ನೇರಕ್ಕೆ ಇರುವುದು ಆ ಲಾರಿಯೇ. ಎರಡು ಸಲ ಅಲ್ಲಿ ಸುಳ್ಳು ಎಚ್ಚರಿಕೆ ಬಂತು. ಬ್ರೇಕ್ ಬೀಳಲಿಲ್ಲ, ಎದೆ ಮಾತ್ರ ಧಸಕ್ ಅಂದಿತು.

ಗೆರೆ ಹಿಡಿದು ಓಡಿಸುವ ಲೇನ್ ಅಸಿಸ್ಟ್ ನನಗೆ ಹಿಡಿಸಲಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಚೆನ್ನಾಗಿದೆ, ಒಪ್ಪುತ್ತೇನೆ. ಅಲ್ಲಿ ಗೆರೆ ನಿಚ್ಚಳವಾಗಿದೆ. 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ನಮ್ಮ ಊರಿನ ರಸ್ತೆಗೆ ಬಂದರೆ ಕತೆ ಬೇರೆ. ಗುಂಡಿ ತಪ್ಪಿಸಲು ಗೆರೆ ದಾಟಿದರೆ ಸ್ಟೇರಿಂಗ್ ಅನ್ನು ಮತ್ತೆ ಗುಂಡಿಯ ಕಡೆಗೇ ಎಳೆಯುತ್ತದೆ. ಸೈಕಲ್ಲಿನವರಿಗೆ ಜಾಗ ಬಿಟ್ಟು ಹೋಗೋಣ ಅಂದರೂ ಅದೇ. ಇಂಡಿಕೇಟರ್ ಹಾಕಿದರೆ ಸುಮ್ಮನಿರುತ್ತದೆ. ಆದರೆ ಗುಂಡಿಗೊಂದು ಇಂಡಿಕೇಟರ್ ಹಾಕುತ್ತಾ ಕೂರಲು ಆಗುತ್ತಾ? ಸುಗ್ಗಿ ಕಾಲದಲ್ಲಂತೂ ಹಳ್ಳಿ ರಸ್ತೆಯ ಮೇಲೇ ರಾಗಿ, ಹುರುಳಿ ಹರವಿರುತ್ತಾರೆ. ಗೆರೆಯೇ ಕಾಣುವುದಿಲ್ಲ. ಹಾಸನ ದಾಟಿದ ಕೂಡಲೇ ಅದನ್ನು ಆಫ್ ಮಾಡುತ್ತೇನೆ.

ಮುಂದಿನ ಗಾಡಿ ನೋಡಿಕೊಂಡು ತಾನೇ ಸ್ಪೀಡು ಹೆಚ್ಚುಕಡಿಮೆ ಮಾಡುವ ಕ್ರೂಸ್, ಬೆಳಗಿನ ಜಾವ ಐದಕ್ಕೆ ನೆಲಮಂಗಲದಿಂದ ಹೊರಟರೆ ಸುಖ. ಕಾಲು ನೋವಿಲ್ಲ. ಹೊತ್ತೇರಿದ ಮೇಲೆ ಬೇಡ. ಅದು ಬಿಡುವ ಜಾಗಕ್ಕೆ ಯಾರಾದರೂ ನುಗ್ಗುತ್ತಲೇ ಇರುತ್ತಾರೆ. ಗಾಡಿ ನಿಧಾನ ಮಾಡುತ್ತದೆ, ಮತ್ತೆ ಓಡುತ್ತದೆ. ಹಿಂದೆ ಕೂತ ಅಮ್ಮನಿಗೆ ವಾಂತಿ ಬಂತು.

ಯಾರೂ ಹೇಳಿಕೊಡದ ಎರಡು ವಿಷಯ ಹೇಳಲೇಬೇಕು. ಕಳೆದ ವರ್ಷ ಆಯುಧಪೂಜೆಗೆ ಗಾಡಿ ತೊಳೆದು, ಮುಂದೆ ಬಾಳೆಕಂದು ಕಟ್ಟಿ, ದಪ್ಪ ಸೇವಂತಿಗೆ ಹಾರ ಹಾಕಿದೆವು. ಹೊರಟ ಕೂಡಲೇ "ರೇಡಾರ್‌ಗೆ ಅಡ್ಡಿ" ಅಂತ ಸೂಚನೆ ಬಂತು. ಅಂದರೆ ಆ ಹೊತ್ತಿಗೆ ತುರ್ತು ಬ್ರೇಕಿನ ಭರವಸೆ ಇಲ್ಲ. ಆ ಸೂಚನೆ ಏನು ಅಂತ ಗೊತ್ತಿಲ್ಲದವರು ಹಾಗೇ ಓಡಿಸಿಕೊಂಡು ಹೋಗುತ್ತಾರೆ. ಹಾರವನ್ನು ಬಾನೆಟ್ ಮೇಲಕ್ಕೆ ಹಾಕಿ, ಕಂದನ್ನು ಎರಡು ಪಕ್ಕಕ್ಕೆ ಕಟ್ಟಿ. ಗಾಜಿಗೆ ವಿಭೂತಿ, ಕುಂಕುಮ ಹಚ್ಚುವಾಗ ಕ್ಯಾಮೆರಾದ ಜಾಗ ಬಿಡಿ. ಮಳೆಗಾಲದಲ್ಲಿ ನಮ್ಮ ಕಡೆಯ ಕೆಂಪು ಮಣ್ಣು ಬಂಪರಿಗೆ ಮೆತ್ತಿದಾಗಲೂ ಇದೇ ಸೂಚನೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸರಿಯಾಗುತ್ತದೆ.

ಎರಡನೆಯದು ನನಗೆ ದುಡ್ಡು ಖರ್ಚು ಮಾಡಿಸಿ ಕಲಿಸಿದ ಪಾಠ. ಹಿರೀಸಾವೆ ಹತ್ತಿರ ಟಿಪ್ಪರಿನಿಂದ ಕಲ್ಲು ಸಿಡಿದು ಮುಂದಿನ ಗಾಜು ಬಿರುಕುಬಿಟ್ಟಿತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಬದಲಾಯಿಸಿದೆ. ಇನ್ಶೂರೆನ್ಸ್ ಬಂತು, ಕೆಲಸ ಬೇಗ ಆಯಿತು, ಖುಷಿಯಿಂದ ಹೊರಟೆ. ಆಮೇಲೆ ನೋಡಿದರೆ ನೇರ ರಸ್ತೆಯಲ್ಲೂ ಲೇನ್ ಅಸಿಸ್ಟ್ ಎಡಕ್ಕೆ ಎಳೆಯುತ್ತಿದೆ. ಗಾಜು ಬದಲಾಯಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು, ಕ್ಯಾಲಿಬ್ರೇಷನ್ ಅನ್ನುತ್ತಾರೆ. ಕ್ಯಾಮೆರಾದ ಕೋನ ಸ್ವಲ್ಪ ತಪ್ಪಿದರೂ ದೂರದಲ್ಲಿ ಅದರ ಲೆಕ್ಕ ಬಹಳ ತಪ್ಪುತ್ತದೆ. ಆ ಅಂಗಡಿಯವರು ಈ ಮಾತೇ ಎತ್ತಿರಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಗಾಡಿಯ ಮುಂದೆ ಗುರುತಿನ ಬೋರ್ಡ್ ಇಟ್ಟು ಅರ್ಧ ದಿನ ಹೊಂದಿಸಿದರು. 6,500 ರೂಪಾಯಿ ಆಯಿತು. ಗಾಜು ಹಾಕಿಸುವ ಮೊದಲೇ ಇದನ್ನು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇನ್ನು ಇದಕ್ಕೆ ಏನು ಕಾಣುವುದಿಲ್ಲ ಅನ್ನುವುದು. ಬಣ್ಣ ಬಳಿಯದ ಹಂಪು ಕಾಣುವುದಿಲ್ಲ. ಗುಂಡಿ ಕಾಣುವುದಿಲ್ಲ. ನನ್ನ ಗಾಡಿಯ ಪುಸ್ತಕದಲ್ಲಿ ವಾಹನ, ನಡೆಯುವವರು, ಸೈಕಲ್ಲಿನವರು ಅಂತ ಮೂರೇ ಬರೆದಿದೆ. ಎಮ್ಮೆ, ಹಸು, ನಾಯಿ ಅದರಲ್ಲಿಲ್ಲ. ಆಲೂರು, ಸಕಲೇಶಪುರದ ಕಡೆ ರಾತ್ರಿ ಆನೆಗಳು ರಸ್ತೆಗೆ ಇಳಿಯುತ್ತವೆ. "ಆನೆ ಬಂದ್ರೆ ಗೊತ್ತಾಗ್ತದಾ ಇದಕ್ಕೆ?" ಅಂತ ಅಪ್ಪ ಕೇಳಿದ್ದರು. ನಂಬಬೇಡಿ ಅಂದೆ. ರಾತ್ರಿ ಆ ಜಾಗದಲ್ಲಿ ನಲವತ್ತಕ್ಕಿಂತ ಮೇಲೆ ನಾನು ಹೋಗುವುದಿಲ್ಲ.

ನನ್ನ ಮಾಡೆಲ್‌ಗೂ ಅದರ ಕೆಳಗಿನದಕ್ಕೂ 1 ಲಕ್ಷ 60 ಸಾವಿರ ವ್ಯತ್ಯಾಸವಿತ್ತು. ಆ ದುಡ್ಡಿನಲ್ಲಿ ಸನ್‌ರೂಫ್, ದೊಡ್ಡ ಸ್ಪೀಕರ್ ಎಲ್ಲ ಸೇರಿಸಿ ಕೊಟ್ಟರು. ನನಗೆ ಬೇಕಿದ್ದದ್ದು ಆ ಬ್ರೇಕ್ ಒಂದೇ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ತುರ್ತು ಬ್ರೇಕ್ ಕಡ್ಡಾಯ. ಇಲ್ಲಿ ನಾನು ನೋಡಿದ ಕಾರುಗಳಲ್ಲೆಲ್ಲ ಅದು ಮೇಲಿನ ಮಾಡೆಲ್‌ಗೇ ಮೀಸಲು. ಕಡಿಮೆ ದುಡ್ಡಿನ ಕಾರಿನಲ್ಲಿ ಹೋಗುವವರ ಮುಂದೆ ಟ್ರ್ಯಾಕ್ಟರ್ ಅಡ್ಡ ಬರುವುದಿಲ್ಲವೇ?

ತಂಗಿ ಈಗ ಕಾರು ನೋಡುತ್ತಿದ್ದಾಳೆ. ತುರ್ತು ಬ್ರೇಕ್ ಇರಲಿ, ಲೇನ್ ಅಸಿಸ್ಟ್ ಇಲ್ಲದಿದ್ದರೂ ಪರವಾಗಿಲ್ಲ ಅಂದಿದ್ದೇನೆ. ಟೆಸ್ಟ್ ಡ್ರೈವ್‌ಗೆ ಖಾಲಿ ರಿಂಗ್ ರೋಡಿಗೆ ಕರೆದುಕೊಂಡು ಹೋಗುತ್ತೇವೆ ಅಂದರಂತೆ. ಬೇಡ, ಸಂಜೆ ಆರು ಗಂಟೆಗೆ ಜಾಲಹಳ್ಳಿ ಕ್ರಾಸ್ ಕಡೆ ಓಡಿಸಿ ನೋಡು ಅಂದೆ. ಶನಿವಾರ ನಾನೂ ಜೊತೆಗೆ ಹೋಗುತ್ತಿದ್ದೇನೆ.