ಕೈಯ ಪಿಪೆಟ್ಟೋ, ರೋಬೋಟೋ?

ಯಕೃತ್ತು ಒಂದು ಔಷಧವನ್ನು ಎಷ್ಟು ಬೇಗ ಒಡೆಯುತ್ತದೆ ಅಂತ ನೋಡಲು ಲಿವರ್ ಮೈಕ್ರೋಸೋಮ್ ಪರೀಕ್ಷೆ ಮಾಡುತ್ತೇವೆ. ಮೈಕ್ರೋಸೋಮ್ ಅಂದರೆ ಯಕೃತ್ತಿನ ಕೋಶಗಳನ್ನು ಒಡೆದು ತೆಗೆದ, ಔಷಧ ಒಡೆಯುವ ಕಿಣ್ವಗಳಿರುವ ಚೂರುಗಳು. ಈ ಪರೀಕ್ಷೆಯನ್ನು ಬಹಳ ಕಾಲ ಎಂಟು ಚಾನೆಲ್ ಪಿಪೆಟ್ (ಒಂದೇ ಸಲ ಎಂಟು ಟಿಪ್‌ಗಳಲ್ಲಿ ದ್ರವ ಎಳೆದು ಬಿಡುವ ಸಾಧನ) ಹಿಡಿದು ಕೈಯಲ್ಲೇ ಮಾಡಿದ್ದೆ. ಆಮೇಲೆ 96 ಟಿಪ್‌ಗಳ ರೋಬೋಟ್ ಬಂತು. ಅವೇ ಸಂಯುಕ್ತಗಳನ್ನು ಎರಡರಲ್ಲೂ ಓಡಿಸಿ ನೋಡಿದೆ.

ಕೆಲಸ ಇಷ್ಟೇ. 1 ಮೈಕ್ರೋಮೋಲಾರ್ ಸಂಯುಕ್ತ, ಮೈಕ್ರೋಸೋಮ್, 37 ಡಿಗ್ರಿ. ಕಿಣ್ವಗಳು ಕೆಲಸ ಮಾಡಲು ಬೇಕಾದ ಎನ್‌ಎಡಿಪಿಎಚ್ ಹಾಕಿದ ಕ್ಷಣದಿಂದ ಗಡಿಯಾರ ಶುರು. 5, 15, 30, 45 ನಿಮಿಷಕ್ಕೆ 96 ವೆಲ್‌ಗಳ (ಪುಟ್ಟ ಗುಳಿಗಳ) ಒಂದೊಂದು ಪ್ಲೇಟ್. ಸಮಯ ಆದಾಗ ತಣ್ಣನೆಯ ಅಸಿಟೋನೈಟ್ರೈಲ್ ಸುರಿದರೆ ಕಿಣ್ವಗಳ ಆಟ ಮುಗಿಯಿತು. ಎಷ್ಟು ಉಳಿದಿದೆ ಅಂತ ಮಾಸ್ ಸ್ಪೆಕ್ಟ್ರೋಮೀಟರ್ ಹೇಳುತ್ತದೆ.

ಕೈಯಲ್ಲಿ ಮಾಡುವಾಗ ಪ್ಲೇಟಿನ 12 ಸಾಲು ಮುಗಿಸಲು ಒಂದೆರಡು ನಿಮಿಷ ಬೇಕು. ಶುರು ಮಾಡಿದ ವೇಗದಲ್ಲೇ ನಿಲ್ಲಿಸುತ್ತಾ ಹೋದರೆ ಲೆಕ್ಕ ಸರಿಹೋಗುತ್ತದೆ. ಆದರೆ ನಾಲ್ಕನೇ ಪ್ಲೇಟಿಗೆ ಹೆಬ್ಬೆರಳು ಸೋತಿರುತ್ತದೆ, ಅಲ್ವಾ? ನಿಧಾನವಾಗಿ ಒಡೆಯುವ ವಾರ್ಫರಿನ್‌ನಂಥ ಔಷಧಕ್ಕೆ ಇದರಿಂದ ಏನೂ ಆಗುವುದಿಲ್ಲ. ಅರ್ಧಾಯು, ಅಂದರೆ ಅರ್ಧ ಒಡೆಯಲು ಬೇಕಾದ ಸಮಯ, 5 ನಿಮಿಷ ಇರುವ ಸಂಯುಕ್ತಕ್ಕೆ ಹಾಗಲ್ಲ. ಒಂದೇ ನಿಮಿಷ ತಡವಾದರೂ ಉಳಿದಿದ್ದರಲ್ಲಿ ಸುಮಾರು 13% ಹೋಗಿಬಿಡುತ್ತದೆ. ಇಲ್ಲಿ ರೋಬೋಟ್‌ಗೆ ಸಾಟಿಯೇ ಇಲ್ಲ. 96 ವೆಲ್‌ಗಳಿಗೂ ಒಂದೇ ಸಲ ಸುರಿಯುತ್ತದೆ. ವೇಗ ಜಾಸ್ತಿ ಅಂತ ಅದನ್ನು ಹೊಗಳುತ್ತಾರೆ. ನನಗೆ ಬೇಕಾಗಿದ್ದು ವೇಗ ಅಲ್ಲ, ಈ ಒಂದೇ ಸಲ ಅನ್ನುವುದು.

ಹಾಗಂತ ಅದನ್ನು ನಂಬಿ ಆಚೆ ಹೋದ ದಿನವೇ ಕೆಟ್ಟಿತು. ಬೇಗ ಒಡೆಯಬೇಕಾದ ವೆರಾಪಮಿಲ್ ಎಂಬ ಔಷಧ 45ನೇ ನಿಮಿಷದ ಪ್ಲೇಟಿನಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅದರ ಅಕ್ಕಪಕ್ಕದ ವೆಲ್‌ಗಳೂ ಹಾಗೇ. ಮೈಕ್ರೋಸೋಮ್ ಹಾಳಾಗಿದೆ ಅಂತ ಎರಡು ದಿನ ಸುಮ್ನೆ ಒದ್ದಾಡಿದೆ. ಕೊನೆಗೆ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಅಸಿಟೋನೈಟ್ರೈಲ್ ತುಂಬಿಕೊಂಡ ಟಿಪ್‌ಗಳು 5 ನಿಮಿಷದ ಪ್ಲೇಟಿಗೆ ಹೋಗುವಾಗ ದಾರಿಯಲ್ಲಿದ್ದ 45ರ ಪ್ಲೇಟಿನ ಮೇಲೆ ಹಾದುಹೋಗುತ್ತಿದ್ದವು. ಒಂದು ಟಿಪ್ಪಿನ ತುದಿಯಲ್ಲಿ ಹನಿ ಊದಿಕೊಂಡಿತು, ನಡುಗಿತು, ಬಿತ್ತು. ಆ ವೆಲ್‌ನ ಕಿಣ್ವ ಅಲ್ಲೇ ಸತ್ತಿತು. ಸತ್ತ ಕಿಣ್ವದ ಮುಂದೆ ಯಾವ ಔಷಧವೂ ಗಟ್ಟಿಯೇ! ಟಿಪ್ಪನ್ನು ಮೊದಲು ಒಂದೆರಡು ಸಲ ಒದ್ದೆ ಮಾಡಿ, ದ್ರವ ಎಳೆದ ಮೇಲೆ ಸ್ವಲ್ಪ ಗಾಳಿಯನ್ನೂ ಎಳೆಯುವಂತೆ ಹೊಂದಿಸಿದೆ. ದಾರಿಯನ್ನೂ ಬದಲಿಸಿದೆ. ಸೋರುವುದು ನಿಂತಿತು. ಕೈಯಲ್ಲಿ ಮಾಡುವಾಗಲೂ ಅಸಿಟೋನೈಟ್ರೈಲ್ ಸೋರುತ್ತದೆ, ಆದರೆ ಕಣ್ಣು ಅಲ್ಲೇ ಇರುತ್ತದೆ.

ಖರ್ಚಿನಲ್ಲಿ ಕೈಯೇ ಮೇಲು. ದ್ರವ ತುಂಬಿಟ್ಟ ಪುಟ್ಟ ತೊಟ್ಟಿಯನ್ನು ವಾಲಿಸಿ ಕೊನೆಯ ಹನಿವರೆಗೂ ಮೈಕ್ರೋಸೋಮ್ ಎಳೆಯಬಹುದು. ರೋಬೋಟ್‌ಗೆ ತಳದಲ್ಲಿ ಒಂದಿಷ್ಟು ಬಿಡಲೇಬೇಕು. ನಾಲ್ಕೈದು ಸಂಯುಕ್ತ ಇದ್ದರೆ ರೋಬೋಟ್ ಹೊಂದಿಸುವಷ್ಟರಲ್ಲಿ ಕೈಯಲ್ಲೇ ಮುಗಿದಿರುತ್ತದೆ.

ಹೆಪಟೋಸೈಟ್‌ನ ಕಥೆಯೇ ಬೇರೆ. ಅವು ಯಕೃತ್ತಿನ ಇಡೀ ಜೀವಕೋಶಗಳು, ಬಿಟ್ಟರೆ ತಳಕ್ಕೆ ಕೂರುತ್ತವೆ. ನಾನು ಪ್ರತಿ ಸಲ ತೊಟ್ಟಿ ಅಲುಗಾಡಿಸಿ, ಅಗಲ ಬಾಯಿಯ ಟಿಪ್‌ನಿಂದ ಮೆಲ್ಲಗೆ ಎಳೆಯುತ್ತೇನೆ. ರೋಬೋಟ್ ಹೇಳದೆ ಕಲಕುವುದಿಲ್ಲ. ಕಲಕಲು ಹೇಳಿದರೆ ನಮ್ಮದು ಎಷ್ಟು ಜೋರಾಗಿ ಕಲಕಿತೆಂದರೆ, ಸತ್ತ ಕೋಶಗಳಿಗಷ್ಟೇ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ನೋಡಿದಾಗ ನೀಲಿಯಾದ ಸತ್ತ ಕೋಶಗಳೇ ಜಾಸ್ತಿ ಕಂಡವು. ಹಾಗಾಗಿ ಕೋಶ ಹಂಚುವುದು ಈಗಲೂ ನನ್ನ ಕೈಯಲ್ಲೇ. ಆಮೇಲಿನ ನಾಲ್ಕು ಗಂಟೆ ಕಾದು ನಿಲ್ಲಿಸುವುದು ರೋಬೋಟಿನ ಪಾಲು.