ಹೆಂಡತಿಗೆ ಮೆಟಲ್ ಡಿಟೆಕ್ಟರ್: 300 ಪೌಂಡ್ ಒಳಗೆ ಮೂರರಲ್ಲಿ ಯಾವುದು?

ನಾವಿರುವುದು ಇಂಗ್ಲೆಂಡಿನ ನಾರ್ಫಕ್‌ನಲ್ಲಿ. ಹೊಲದಲ್ಲಿ ಹಳೆಯ ವಸ್ತು ಸಿಕ್ಕಿತು ಎಂಬ ವರದಿ ಈ ದೇಶದಲ್ಲಿ ತುಂಬಾ ಜಾಸ್ತಿ ಬರುವ ಜಾಗಗಳಲ್ಲಿ ಇದೂ ಒಂದು. ಕೊಯ್ಲು ಮುಗಿದ ಮೇಲೆ ಹೊಲಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕೋಲಿನಂಥ ಮಷೀನ್ ಹಿಡಿದು ನಿಧಾನಕ್ಕೆ ಓಡಾಡುವವರು ಕಾಣಿಸುತ್ತಾರೆ. ನನ್ನ ಹೆಂಡತಿಗೆ ಅದರ ಮೇಲೆ ಬಹಳ ದಿನದಿಂದ ಆಸೆ. ಅವಳು ತಲಕಾಡಿನ ಹತ್ತಿರದ ಊರಿನವಳು. ಮರಳಿನಡಿಯಿಂದ ಹೊರಬಂದ ದೇವಸ್ಥಾನಗಳ ನಡುವೆ ಆಡಿ ಬೆಳೆದವಳಿಗೆ ನೆಲದೊಳಗೆ ಏನಿದೆಯೋ ಎಂಬ ಕುತೂಹಲ ಇರುವುದು ಸಹಜ ಅಲ್ವಾ? ಈ ಸಲದ ಹುಟ್ಟುಹಬ್ಬಕ್ಕೆ ಡಿಟೆಕ್ಟರನ್ನೇ ಕೊಡಿಸೋಣ ಎಂದು ನಿರ್ಧರಿಸಿದೆ.

ಆದರೆ ಗುಟ್ಟಾಗಿ ತಂದು ಕೊಡಲಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಸೀರೆಯನ್ನೋ ವಾಚನ್ನೋ ಗುಟ್ಟಾಗಿ ತರಬಹುದು. ಗಂಟೆಗಟ್ಟಲೆ ಒಂದೇ ಕೈಯಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯಬೇಕಾದ ವಸ್ತುವನ್ನು ಹಿಡಿಯುವವರ ಕೈಗೇ ಕೊಟ್ಟು ನೋಡಬೇಕು. ಹತ್ತಿರದ ಡಿಟೆಕ್ಟಿಂಗ್ ಕ್ಲಬ್‌ನವರು ಒಳ್ಳೆಯ ಜನ. ಕೇಳಿದ್ದಕ್ಕೆ ತಮ್ಮ ಮಷೀನುಗಳನ್ನು ಸಂತೋಷವಾಗಿ ಬಿಟ್ಟುಕೊಟ್ಟರು. ಹಾಗೆ ನಮ್ಮ ಕೈಗೆ ಬಂದದ್ದು ಮೂರು: ಗ್ಯಾರೆಟ್ ಏಸ್ 300ಐ, ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್, ಮೈನ್‌ಲ್ಯಾಬ್ ವ್ಯಾಂಕ್ವಿಶ್ 440. ಅಂಗಡಿ ಅಂಗಡಿಗೆ ಬೆಲೆ ಬೇರೆ, ಆದರೂ ಹೆಚ್ಚುಕಡಿಮೆ 200ರಿಂದ 300 ಪೌಂಡ್ ನಡುವೆ ಸಿಗುವಂಥವು. ಒಂದು ಅಮೆರಿಕದ ಟೆಕ್ಸಾಸ್ ಕಂಪನಿಯದು, ಒಂದು ಇಸ್ತಾಂಬುಲ್‌ನದು, ಇನ್ನೊಂದು ಆಸ್ಟ್ರೇಲಿಯಾದ್ದು.

ಇವಕ್ಕಿಂತ ಅಗ್ಗದವೂ ಇವೆ. ಸ್ನೇಹಿತರ ಮಗನ ಹತ್ತಿರ ಆನ್‌ಲೈನಿನಲ್ಲಿ ತರಿಸಿದ ಒಂದು ಮಷೀನಿತ್ತು. ಹಿಡಿಕೆ ಅಲ್ಲಾಡುತ್ತಿತ್ತು, ನೆಲಕ್ಕೆ ತಾಗಿದರೂ ಕೂಗುತ್ತಿತ್ತು, ಕಬ್ಬಿಣದ ಮೊಳೆಗೂ ತಾಮ್ರದ ನಾಣ್ಯಕ್ಕೂ ಒಂದೇ ಸದ್ದು. ಮಕ್ಕಳ ಆಟಕ್ಕೆ ಸರಿ. ಆಸೆಯಿಂದ ಶುರು ಮಾಡುವ ದೊಡ್ಡವರಿಗೆ ಅದನ್ನು ಕೊಟ್ಟರೆ ಎರಡೇ ವಾರದಲ್ಲಿ ಮೂಲೆ ಸೇರುತ್ತದೆ.

ಮೂರೂ ಮಷೀನುಗಳ ಮೂಲ ಕೆಲಸ ಒಂದೇ. ಕೆಳಗಿನ ತಟ್ಟೆಯಂಥ ಕಾಯಿಲ್ ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಒಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುತ್ತಾಡುತ್ತದೆ. ಅದರಿಂದ ಹುಟ್ಟುವ ಮರುಕ್ಷೇತ್ರವನ್ನು ಕಾಯಿಲ್ ಹಿಡಿಯುತ್ತದೆ. ವಿದ್ಯುತ್ ಸಲೀಸಾಗಿ ಹರಿಯುವ ದಪ್ಪ ಬೆಳ್ಳಿ, ತಾಮ್ರ ಇದ್ದರೆ ಪರದೆಯಲ್ಲಿ ದೊಡ್ಡ ಸಂಖ್ಯೆ. ಫಾಯಿಲ್ ಚೂರಿಗೆ ಸಣ್ಣದು. ಚಿನ್ನದ ಸಣ್ಣ ಉಂಗುರ ಮಾತ್ರ ಫಾಯಿಲ್, ತಂಪುಪಾನೀಯದ ಡಬ್ಬಿಯ ಕಿವಿ, ಇವುಗಳ ಸಂಖ್ಯೆಯ ಆಸುಪಾಸಿನಲ್ಲೇ ಬರುತ್ತದೆ. ಚಿನ್ನ ಬೇಕಾದರೆ ಕಸವನ್ನೂ ಅಗೆಯಬೇಕು. ಈ ಬೆಲೆಯಲ್ಲಿ ಯಾವ ಮಷೀನ್ ಕೊಂಡರೂ ಇದು ತಪ್ಪುವುದಿಲ್ಲ.

ಮೊದಲ ಪರೀಕ್ಷೆ ನಮ್ಮ ಹಿತ್ತಲಲ್ಲೇ. 1992ಕ್ಕೆ ಮುಂಚಿನ ಒಂದು ಪೆನ್ನಿ, ಒಂದು ಮೊಳೆ, ಫಾಯಿಲ್ ಉಂಡೆ, ಅವಳ ಹಳೆಯ ಬೆಳ್ಳಿ ಕಾಲುಂಗುರ ಇಷ್ಟನ್ನೂ ಒಂದು ಗೇಣು ಆಳದೊಳಗೆ ಹೂತೆವು. ಹಳೆಯ ಪೆನ್ನಿಯೇ ಏಕೆಂದರೆ, 1992ರ ಸೆಪ್ಟೆಂಬರ್‌ನಿಂದ ಇಲ್ಲಿನ ಒಂದು, ಎರಡು ಪೆನ್ನಿ ನಾಣ್ಯಗಳು ತಾಮ್ರ ಹೊದ್ದ ಉಕ್ಕು. ಅವನ್ನು ಹೂತು ನೋಡಿದರೆ ಒಳ್ಳೆಯ ಡಿಟೆಕ್ಟರ್ ಕೂಡ ಗೊಂದಲಕ್ಕೆ ಬೀಳುತ್ತದೆ, ತಪ್ಪು ನಮ್ಮ ಪರೀಕ್ಷೆಯದ್ದೇ ಆಗಿರುತ್ತದೆ.

ಪೆನ್ನಿಯನ್ನು ಮೂರೂ ಸಲೀಸಾಗಿ ಹಿಡಿದವು. ಕಾಲುಂಗುರದ ಹತ್ತಿರ ಬಂದಾಗ ಮೂರೂ ಮೆತ್ತಗಾದವು. ಬೆಳ್ಳಿಗೆ ಬರಬೇಕಾದ ದೊಡ್ಡ ಸಂಖ್ಯೆ ಎಲ್ಲೂ ಬರಲಿಲ್ಲ. ಅಗೆದು ತೆಗೆದು ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಕಣ್ಣೆದುರೇ ಇತ್ತು. ನಮ್ಮ ಕಾಲುಂಗುರದ ಹಿಂದೆ ಸೀಳು ಇರುತ್ತದಲ್ಲ, ಬೆರಳಿಗೆ ತಕ್ಕಂತೆ ಬಿಗಿ ಮಾಡಲು? ಸುತ್ತು ಅಲ್ಲಿ ತುಂಡಾಗಿರುವುದರಿಂದ ಉಂಗುರದ ಸುತ್ತ ವಿದ್ಯುತ್ ಹರಿಯುವುದಿಲ್ಲ. ಇಕ್ಕಳದಲ್ಲಿ ಎರಡು ತುದಿಗಳನ್ನು ಗಟ್ಟಿಯಾಗಿ ಒತ್ತಿ ಕೂಡಿಸಿದ ಮೇಲೆ ಸದ್ದು ಜೋರಾಯಿತು. ತೆಳು ಸರಗಳ ಕಥೆಯೂ ಇದೇ. ಮಷೀನಿಗೆ ಸರ ಎಂದರೆ ಬಿಡಿ ಬಿಡಿ ಸಣ್ಣ ಕೊಂಡಿಗಳು. ಸರ ಕಳೆದುಕೊಂಡವರು ಡಿಟೆಕ್ಟರ್ ನಂಬಿಕೊಂಡು ಹುಡುಕಲು ಹೊರಟರೆ ಪದಕವೋ ಕೊಕ್ಕೆಯೋ ಸದ್ದು ಕೊಡಬೇಕು ಅಷ್ಟೇ.

ಇನ್ನು ಒಂದೊಂದಾಗಿ ಹೇಳುತ್ತೇನೆ. ಏಸ್ 300ಐ ಕಲಿಯಲು ತುಂಬಾ ಸುಲಭ. ಆನ್ ಮಾಡಿ, ನಾಣ್ಯದ ಮೋಡ್ ಒತ್ತಿ, ನಡೆಯಲು ಶುರು ಮಾಡಬಹುದು. ದೊಡ್ಡ ನಾಣ್ಯ ಕಾಯಿಲಿನಡಿ ಬಂದರೆ ಗಂಟೆಯಂಥ ಸದ್ದು ಬರುತ್ತದೆ. ಆ ಸದ್ದಿಗೇ ಅವಳ ಮುಖ ಅರಳಿತು. ಕ್ಲಬ್‌ನ ಹೊಲದಲ್ಲಿ ಅವಳಿಗೆ ಮೊದಲು ಸಿಕ್ಕ ಒಳ್ಳೆಯ ವಸ್ತು ಇದರಲ್ಲೇ ಸಿಕ್ಕಿದ್ದು: 1917ರ ಒಂದು ಪೆನ್ನಿ. ಅಗಲ 31 ಮಿಲಿಮೀಟರ್, ಕಂಚು, ಹಸಿರುಗಟ್ಟಿತ್ತು. ಮಣ್ಣು ಒರೆಸಿದಾಗ ಐದನೇ ಜಾರ್ಜ್ ದೊರೆಯ ತಲೆ, ಹಿಂಬದಿಯಲ್ಲಿ ಕೂತ ಬ್ರಿಟಾನಿಯಾ (ಬ್ರಿಟನ್ನಿನ ಸಂಕೇತವಾದ ಹೆಣ್ಣು) ಎರಡೂ ಕಂಡವು. ನಾಲ್ಕು ಎಎ ಸೆಲ್ ಸಾಕು, ಅವು ಯಾವ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತವೆ. ಇದರ ಮಿತಿ ಎಂದರೆ 8 ಕಿಲೋಹರ್ಟ್ಸ್‌ನ ಒಂದೇ ಫ್ರೀಕ್ವೆನ್ಸಿ. ನೆಲಕ್ಕೆ ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಕಾರ್ಖಾನೆಯಲ್ಲೇ ಕೂರಿಸಿಟ್ಟದ್ದು. ಕಾಯಿಲ್ ನೀರಿಗಿಳಿಸಬಹುದು, ಮೇಲಿನ ಪೆಟ್ಟಿಗೆಗೆ ನೀರು ತಾಗಬಾರದು. ನಾರ್ಫಕ್ ಮಳೆಯಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಕವರ್ ಬೇಕೇ ಬೇಕು.

ಸಿಂಪ್ಲೆಕ್ಸ್ ಪ್ಲಸ್ ಹಿಡಿದಾಗ ಈ ಬೆಲೆಗೆ ಇಷ್ಟೆಲ್ಲ ಕೊಡುತ್ತಾರಾ ಎನಿಸಿತು. ಇಡೀ ಮಷೀನ್ 3 ಮೀಟರ್ ನೀರಿಗೆ ಮುಳುಗಿಸಬಹುದು. ಒಳಗೇ ಚಾರ್ಜ್ ಆಗುವ ಬ್ಯಾಟರಿ. ಪರದೆಗೆ ಬೆಳಕು, ಮುಂದೆ ಟಾರ್ಚ್, ಸಿಗ್ನಲ್ ಬಂದರೆ ಹಿಡಿಕೆ ನಡುಗುತ್ತದೆ. ಕಿವಿ ಮಂದವಿರುವವರಿಗೆ ಆ ನಡುಕ ನಿಜಕ್ಕೂ ದೊಡ್ಡ ಅನುಕೂಲ. ಒಂದು ಬಟನ್ ಒತ್ತಿ ಹಿಡಿದು ಕಾಯಿಲನ್ನು ನಾಲ್ಕು ಸಲ ಮೇಲೆ ಕೆಳಗೆ ಆಡಿಸಿದರೆ ಅಲ್ಲಿನ ಮಣ್ಣಿಗೆ ಹೊಂದಿಕೊಳ್ಳುತ್ತದೆ. ಕಾಯಿಲ್ 11 ಇಂಚು, ಡಬಲ್ ಡಿ ಮಾದರಿಯದು, ಅಂದರೆ ಒಳಗೆ D ಆಕಾರದ ಎರಡು ತಂತಿ ಸುರುಳಿ ಇರುವಂಥದ್ದು. ಪ್ರತಿ ಬೀಸಿಗೂ ಜಾಸ್ತಿ ನೆಲ ಮುಚ್ಚುತ್ತದೆ. 12 ಕಿಲೋಹರ್ಟ್ಸ್ ಆಗಿದ್ದರಿಂದ ಸಣ್ಣ ವಸ್ತುಗಳಿಗೆ ಏಸ್‌ಗಿಂತ ಚುರುಕು ಅನಿಸಿತು. ಇಲ್ಲಿನ ಮಧ್ಯಯುಗದ ಬೆಳ್ಳಿ ಪೆನ್ನಿಗಳು ಕಾಗದದಷ್ಟು ತೆಳು, ಅವಕ್ಕೆ ಇಂಥ ಚುರುಕು ಬೇಕು. ನನಗಾಗಿ ಕೊಳ್ಳುವುದಾಗಿದ್ದರೆ ಇದನ್ನೇ ಕೊಳ್ಳುತ್ತಿದ್ದೆ. ಆದರೆ ತೂಕ 1.3 ಕಿಲೋ, ಅದೂ ದೊಡ್ಡ ಕಾಯಿಲಿನಿಂದಾಗಿ ಮುಂದಕ್ಕೆ ಬಗ್ಗುತ್ತದೆ. ಸ್ವಲ್ಪ ಹೊತ್ತಿಗೇ ಅವಳು, "ರೀ, ಇದು ಭುಜ ಎಳೀತಿದೆ" ಅಂದಳು. ಉದ್ದ ಕೈಯವರಿಗೆ ಇದು ಗೊತ್ತೇ ಆಗಲಿಕ್ಕಿಲ್ಲ. 2023ರಲ್ಲಿ ಇದೇ ಸಾಲಿನ ಹೊಸ ಮಾದರಿಗಳು ಬಂದ ಮೇಲೆ ಸಿಂಪ್ಲೆಕ್ಸ್ ಪ್ಲಸ್ ಸೆಕೆಂಡ್‌ಹ್ಯಾಂಡ್ ಆಗಿಯೂ ಸಿಗುತ್ತದೆ. ಕೊಳ್ಳುವುದಾದರೆ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೊದಲು ನೋಡಿ. ಅದು ಒಳಗೇ ಇರುವುದರಿಂದ ಸೆಲ್ ಬದಲಿಸಿದಷ್ಟು ಸುಲಭಕ್ಕೆ ಬದಲಿಸಲಾಗುವುದಿಲ್ಲ.

ಇಷ್ಟರ ಮೇಲೂ ತೀರ್ಮಾನ ಆಗಿದ್ದು ಸಮುದ್ರದಿಂದ. ಅವಳಿಗೆ ಹೊಲದಷ್ಟೇ ಕಡಲ ತೀರವೂ ಇಷ್ಟ. ಗ್ರೇಟ್ ಯಾರ್ಮತ್‌ನಲ್ಲಿ ಎಲ್ಲಿ ಯಾರ ಅನುಮತಿ ಬೇಕು ಎಂದು ಕೇಳಿಕೊಂಡೇ ಹೋದೆವು. ಒಣ ಮರಳಿನಲ್ಲಿ ಮೂರೂ ಚೆನ್ನಾಗಿಯೇ ನಡೆದವು. ಅಲೆ ಬಂದು ಹೋಗುವ ಒದ್ದೆ ಮರಳಿಗೆ ಇಳಿದ ಕೂಡಲೇ ವ್ಯತ್ಯಾಸ ಶುರುವಾಯಿತು. ಉಪ್ಪುನೀರು ತಾನೇ ವಿದ್ಯುತ್ ಹರಿಸುವುದರಿಂದ ಒಂದೇ ಫ್ರೀಕ್ವೆನ್ಸಿಯ ಮಷೀನಿಗೆ ಇಡೀ ತೀರವೇ ಲೋಹದಂತೆ ಕೇಳಿಸುತ್ತದೆ. ಸದ್ದು ಅಡಗಿಸಲು ಸೆನ್ಸಿಟಿವಿಟಿ ಇಳಿಸಬೇಕು, ಇಳಿಸಿದರೆ ಆಳ ಹೋಗುತ್ತದೆ. ಸಿಂಪ್ಲೆಕ್ಸ್‌ನಲ್ಲಿ ಬೀಚ್ ಮೋಡ್ ಇದೆ, ಅದು ಏಸ್‌ಗಿಂತ ಎಷ್ಟೋ ವಾಸಿ. ಆದರೂ ಇಲ್ಲಿ ವ್ಯಾಂಕ್ವಿಶ್‌ಗೆ ಸಾಟಿ ಇಲ್ಲ. ಅದು ಒಂದೇ ಹೊತ್ತಿಗೆ ಹಲವು ಫ್ರೀಕ್ವೆನ್ಸಿ ಬಿಟ್ಟು ಉಪ್ಪಿನ ಸದ್ದನ್ನು ಬೇರೆ ಮಾಡಿ ಬದಿಗಿಡುತ್ತದೆ. ಒದ್ದೆ ಮರಳಿನ ಮೇಲೆ ಅದು ಸುಮ್ನೆ ಇತ್ತು, ನಾಣ್ಯ ಬಂದಾಗ ಮಾತ್ರ ಕೂಗಿತು. ಗ್ರೌಂಡ್ ಬ್ಯಾಲೆನ್ಸ್ ಕೂಡ ತಾನೇ ನೋಡಿಕೊಳ್ಳುತ್ತದೆ. ಕೋಲನ್ನು ಕುಗ್ಗಿಸಿ ಬೆನ್ನಿನ ಬ್ಯಾಗಿಗೂ ಹಾಕಬಹುದು.

ನೀರಿನ ವಿಷಯದಲ್ಲಿ ಅದು ಸಿಂಪ್ಲೆಕ್ಸ್‌ನಷ್ಟು ಗಟ್ಟಿಯಲ್ಲ. ಕಾಯಿಲ್ 1 ಮೀಟರ್ ವರೆಗೆ ಮುಳುಗಬಹುದು, ಮೇಲಿನ ಪೆಟ್ಟಿಗೆ ಮುಳುಗುವಂತಿಲ್ಲ. ಅಲೆಗಳ ಒಳಗೆ ಇಳಿಯುವವರಾದರೆ ಯೋಚಿಸಿ. ಅವಳು ಗಂಬೂಟ್ಸ್ ಹಾಕಿಕೊಂಡು ಪಾದ ಮುಳುಗುವಷ್ಟಕ್ಕೇ ನಿಲ್ಲುವವಳು. ಇದರ ಕೆಳಗಿನ ಮಾದರಿ 340 ಇನ್ನೂ ಅಗ್ಗ, ಅದೇ ಬಹು ಫ್ರೀಕ್ವೆನ್ಸಿ, ಅದೇ ಕಾಯಿಲ್. ಆದರೆ ವಸ್ತು ಇರುವ ಜಾಗ ಖಚಿತ ಮಾಡುವ ಪಿನ್‌ಪಾಯಿಂಟ್ ಬಟನ್ ಅದರಲ್ಲಿಲ್ಲ. ಹೊಸಬರಿಗೆ ಅದು ಇಲ್ಲದಿದ್ದರೆ ಒಂದು ನಾಣ್ಯಕ್ಕೆ ಬುಟ್ಟಿ ಅಗಲದ ಗುಂಡಿ ತೋಡಬೇಕಾಗುತ್ತದೆ. ಹೊಲದ ಮಾಲೀಕರಿಗೆ ಸಿಟ್ಟು ಬರಿಸಲು ಅದಕ್ಕಿಂತ ಬೇರೆ ಬೇಡ. ಹಾಗಾಗಿ 440 ತಂದೆ.

ದುಡ್ಡನ್ನೆಲ್ಲ ಮಷೀನಿಗೇ ಸುರಿಯಬೇಡಿ. ಅಗೆದ ಗುಂಡಿಯೊಳಗೆ ವಸ್ತು ಎಲ್ಲಿದೆ ಎಂದು ತೋರಿಸುವ, ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್, ಗಟ್ಟಿಯಾದ ಸಣ್ಣ ಸಲಿಕೆ, ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗ್ ಸದಸ್ಯತ್ವ ಇವಕ್ಕೂ ಎತ್ತಿಡಿ. ಸದಸ್ಯತ್ವದ ಜೊತೆ ವಿಮೆ ಬರುತ್ತದೆ. ವಿಮೆ ಇದೆ ಎಂದರೆ ರೈತರು ಹೊಲಕ್ಕೆ ಬಿಡಲು ಹಿಂಜರಿಯುವುದು ಕಡಿಮೆ. ಮಷೀನಿಗಿಂತ ಹುಡುಕುವ ಜಾಗ ಮುಖ್ಯ. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲದಲ್ಲಿ ಸಿಕ್ಕ ಆಂಗ್ಲೋ ಸ್ಯಾಕ್ಸನ್ ಚಿನ್ನಕ್ಕೆ 32.85 ಲಕ್ಷ ಪೌಂಡ್ ಬೆಲೆ ಕಟ್ಟಿದರು. ಹುಡುಕಿದವರ ಕೈಯಲ್ಲಿದ್ದದ್ದು ಹಳೆಯ, ಅಗ್ಗದ ಡಿಟೆಕ್ಟರ್.

ಕಾನೂನನ್ನು ಉಡುಗೊರೆಯ ಜೊತೆಗೇ ಹೇಳಿಕೊಡಿ. ನೆಲದ ಮಾಲೀಕರ ಅನುಮತಿ ಇಲ್ಲದೆ ಎಲ್ಲೂ ಕಾಲಿಡಬಾರದು. ನಾರಿಚ್ ಪಕ್ಕದ ಕೇಸ್ಟರ್ ಸೇಂಟ್ ಎಡ್ಮಂಡ್‌ನ ರೋಮನ್ ಪಟ್ಟಣದಂಥ ಸಂರಕ್ಷಿತ ಸ್ಥಳಗಳಲ್ಲಿ ಪರವಾನಗಿ ಇಲ್ಲದೆ ಡಿಟೆಕ್ಟರ್ ಬಳಸುವುದು ಅಪರಾಧ. 1996ರ ಟ್ರೆಷರ್ ಕಾಯ್ದೆ ಪ್ರಕಾರ 300 ವರ್ಷಕ್ಕಿಂತ ಹಳೆಯ ಚಿನ್ನ, ಬೆಳ್ಳಿ ವಸ್ತು ಸಿಕ್ಕರೆ, ಅಥವಾ ಅಂಥ ಎರಡು ನಾಣ್ಯ ಒಟ್ಟಿಗೆ ಸಿಕ್ಕರೆ, 14 ದಿನದೊಳಗೆ ತಿಳಿಸಬೇಕು. ಉಳಿದ ಹಳೆಯ ವಸ್ತುಗಳನ್ನೂ ಬ್ರಿಟಿಷ್ ಮ್ಯೂಸಿಯಂ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ಗೆ ತೋರಿಸಿದರೆ ಎಲ್ಲಿ, ಏನು ಸಿಕ್ಕಿತು ಎಂದು ದಾಖಲಾಗುತ್ತದೆ. ಹಾಗೆ ದಾಖಲಾದವು 15 ಲಕ್ಷಕ್ಕೂ ಹೆಚ್ಚು. ನನ್ನ ಹೆಂಡತಿ ಪುಟ್ಟ ಚೀಲಗಳ ಮೇಲೆ ಜಾಗದ ಗುರುತು ಬರೆದಿಡುವುದನ್ನು ಈಗಲೇ ಶುರು ಮಾಡಿದ್ದಾಳೆ.

ಸುದ್ದಿ ಕೇಳಿ ಊರಿಂದ ಭಾಮೈದ ಫೋನ್ ಮಾಡಿದ. "ಭಾವ, ಬರುವಾಗ ಅದನ್ನೂ ತನ್ನಿ, ಇಲ್ಲಿ ಮರಳಲ್ಲಿ ಏನೇನಿದೆಯೋ" ಅಂದ. ತರುವುದಿಲ್ಲ ಎಂದೆ. ನಮ್ಮ ಕಡೆ ನಿಧಿ ಆಸೆಗೆ ಪಾಳು ಗುಡಿಗಳ ಗರ್ಭಗುಡಿಯನ್ನೇ ಅಗೆದು, ಲಿಂಗ ಕಿತ್ತು, ನಂದಿಯನ್ನು ಒಡೆದು ಹಾಕಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಹಾಗೆ ಅಗೆಯುವಂತೆಯೇ ಇಲ್ಲ. ಕರ್ನಾಟಕಕ್ಕೆ 1962ರದ್ದೇ ನಿಧಿ ಕಾಯ್ದೆ ಇದೆ. ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಹಳೆಯ ನಾಣ್ಯದ ಗಡಿಗೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಇದ್ದಲ್ಲೇ ಬಿಟ್ಟು ತಾಲೂಕು ಕಚೇರಿಗೆ ಹೋಗಿ ಹೇಳು ಎಂದೆ.